ಬಣ್ಣದ ಕಟ್ಟಡದ ಮೈಕೆಲ್ ಗ್ರೇವ್ಸ್ ಗಾಲಿಕುರ್ಚಿಗೆ ಬಂದದ್ದು ಹೇಗೆ?

ನೀಲಿನಕ್ಷೆ (ಮೈಸೂರು)

ಪಕ್ಕದ ಚರ್ಚೆಯಲ್ಲಿ ಒಬ್ಬರು, ವಾಸ್ತುಶಿಲ್ಪಿ ಮೈಕೆಲ್ ಗ್ರೇವ್ಸ್ ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನಲ್ಲಿ ಕಟ್ಟಿದ ಪೋರ್ಟ್‌ಲ್ಯಾಂಡ್ ಕಟ್ಟಡದ ಫೋಟೊ ಹಾಕಿ, "ಪೋಸ್ಟ್‌ಮಾಡರ್ನ್ ಅಂದರೆ ಇಷ್ಟೇ, ಕಾಂಕ್ರೀಟ್ ಡಬ್ಬಕ್ಕೆ ಬಣ್ಣ ಬಳಿಯೋದು" ಅಂತ ಬರೆದಿದ್ದರು. (ಬರಿಯ ಗಾಜು-ಕಾಂಕ್ರೀಟಿನ ಆಧುನಿಕ ಕಟ್ಟಡಗಳಿಗೆ ಎದುರಾಗಿ ಹಳೆಯ ಆಕಾರ, ಬಣ್ಣ, ಅಲಂಕಾರಗಳನ್ನು ಮತ್ತೆ ತಂದ ಶೈಲಿ ಪೋಸ್ಟ್‌ಮಾಡರ್ನ್.) ಉತ್ತರ ಬರೆಯಲು ಕೂತೆ, ಅಲ್ಲಿ ಹಿಡಿಸದಷ್ಟು ಉದ್ದವಾಯಿತು. ಅದಕ್ಕೇ ಇಲ್ಲಿ ಬೇರೆಯಾಗಿ ಹಾಕುತ್ತಿದ್ದೇನೆ. ನಾನು ಆರ್ಕಿಟೆಕ್ಚರ್ ಪಾಠ ಮಾಡುವವಳು. ಗ್ರೇವ್ಸ್ ಬಗ್ಗೆ ಪ್ರತಿವರ್ಷ ಎರಡು ತರಗತಿ ತೆಗೆದುಕೊಳ್ಳುತ್ತೇನೆ, ಪ್ರತಿವರ್ಷವೂ ಇದೇ ಮಾತು ಕೇಳುತ್ತೇನೆ.

ಗ್ರೇವ್ಸ್ ಹುಟ್ಟಿದ್ದು 1934ರಲ್ಲಿ, ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ. ಓದಿದ್ದು ಸಿನ್ಸಿನಾಟಿ ಮತ್ತು ಹಾರ್ವರ್ಡ್‌ನಲ್ಲಿ. 1960ರಲ್ಲಿ, ರೋಮಿನಲ್ಲಿದ್ದು ಕಲಿಯಲು ಕೊಡುವ ರೋಮ್ ಪ್ರೈಜ್ ಸಿಕ್ಕಿತು, ಎರಡು ವರ್ಷ ರೋಮಿನಲ್ಲಿದ್ದರು. ಹಳೆಯ ಕಟ್ಟಡಗಳ ಮುಂದೆ ನಿಂತು ಅವನ್ನು ಚಿತ್ರ ಬರೆದು ಬರೆದು ಕಲಿತ ವರ್ಷಗಳವು. 1962ರಿಂದ ಪ್ರಿನ್ಸ್‌ಟನ್‌ನಲ್ಲಿ ಮೇಷ್ಟರು, ಹತ್ತಿರಹತ್ತಿರ ನಲವತ್ತು ವರ್ಷ. ಆದರೂ ಮೊದಲ ಮನೆಗಳಲ್ಲಿ ರೋಮ್ ಕಾಣುವುದಿಲ್ಲ. ಫೋರ್ಟ್ ವೇಯ್ನ್ ಊರಿನ ಹ್ಯಾನ್ಸಲ್‌ಮನ್ ಮನೆ ನೋಡಿ: ಬಿಳಿ ಗೋಡೆ, ತೆರೆದ ಚೌಕಟ್ಟು, ಪೂರ್ತಿ ಆಧುನಿಕ ಶೈಲಿಯ ಹಿರಿಯ ವಾಸ್ತುಶಿಲ್ಪಿ ಲ ಕಾರ್ಬೂಸಿಯರ್ ಹಾದಿ. ಪೀಟರ್ ಐಸೆನ್‌ಮನ್, ರಿಚರ್ಡ್ ಮೈಯರ್, ಚಾರ್ಲ್ಸ್ ಗ್ವಾತ್ಮಿ, ಜಾನ್ ಹೆಜ್ದುಕ್ ಜೊತೆ ಸೇರಿಸಿ ಈ ಐವರನ್ನು 'ನ್ಯೂಯಾರ್ಕ್ ಫೈವ್' ಅಂತ ಕರೆದರು. ಬಿಳಿಯನ್ನೇ ನೆಚ್ಚಿಕೊಂಡ ಗುಂಪು ಅದು. 1970ರ ದಶಕ ಮುಗಿಯುವಷ್ಟರಲ್ಲಿ ಗ್ರೇವ್ಸ್ ಆ ಬಿಳಿಯಿಂದ ಹೊರಗೆ ನಡೆದುಬಿಟ್ಟಿದ್ದರು.

ಯಾಕೆ ಅನ್ನೋದು ಮುಖ್ಯ. ಅವರ ಪ್ರಕಾರ ಕಟ್ಟಡ ದಾರಿಹೋಕರಿಗೂ ಅರ್ಥವಾಗಬೇಕು. ನಮ್ಮ ಮೈಯಂತೆ ಅದಕ್ಕೂ ಪಾದ, ನಡು, ತಲೆ ಇರಬೇಕು. ನೆಲ ನೆಲದಂತೆ, ಸೂರು ಆಕಾಶದಂತೆ ಕಾಣಬೇಕು. ಬಾಗಿಲು ಎಲ್ಲಿದೆ ಅಂತ ಯಾರೂ ಹುಡುಕಬಾರದು. ಇದನ್ನು ಹೇಳುವಾಗ ನಾನು ಮಕ್ಕಳಿಗೆ ನಮ್ಮ ದೇವಸ್ಥಾನಗಳ ಅಧಿಷ್ಠಾನ (ಪೀಠ), ಭಿತ್ತಿ (ಗೋಡೆ), ಶಿಖರ ಅನ್ನುತ್ತೇನೆ, ತಟ್ಟನೆ ಹೊಳೆಯುತ್ತದೆ. ಗಾಜಿನ ಪೆಟ್ಟಿಗೆಗಳು ಈ ಮಾತನ್ನೇ ಮರೆತವು ಅನ್ನುವುದು ಗ್ರೇವ್ಸ್ ದೂರು.

ಪೋರ್ಟ್‌ಲ್ಯಾಂಡ್ ಕಟ್ಟಡ, 1982, ಇದರ ಮೊದಲ ದೊಡ್ಡ ಪರೀಕ್ಷೆ. 15 ಮಹಡಿಯ ನಗರಾಡಳಿತ ಕಚೇರಿ. ಕೆಳಗೆ ಹಸಿರು-ನೀಲಿ ಬಿಲ್ಲೆಗಳ ಮೆಟ್ಟಿಲುಮೆಟ್ಟಿಲಾದ ಪೀಠ, ಮೇಲೆ ಕೆನೆ ಬಣ್ಣದ ಮೈ. ಎದುರಿಗೆ ಕೆಮ್ಮಣ್ಣು ಬಣ್ಣದ ಎರಡು ದೈತ್ಯ ಕಂಬಗಳು, ಅವುಗಳ ಮೇಲೆ ಹಲವು ಮಹಡಿ ಎತ್ತರದ, ಕಮಾನಿನ ನೆತ್ತಿಯಲ್ಲಿ ಕೂರುವ ಬೀಗದ ಕಲ್ಲಿನ (ಕೀಸ್ಟೋನ್) ಆಕಾರ. ಸ್ಪರ್ಧೆಯಲ್ಲಿ ಇನ್ನಿಬ್ಬರಿದ್ದರು, ಆರ್ಥರ್ ಎರಿಕ್ಸನ್ ಮತ್ತು ಮಿಚೆಲ್ ಗ್ಯುರ್ಗೊಲಾ ಸಂಸ್ಥೆ. ನಗರಕ್ಕೆ ಸಲಹೆಗಾರರಾಗಿದ್ದವರು ಹೆಸರಾಂತ ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್. ಅದೇ ಊರಿನ ಹಿರಿಯ ಪಿಯೆತ್ರೊ ಬೆಲುಸ್ಕಿ, 1948ರಲ್ಲೇ ಅಲ್ಲಿ ಅಲ್ಯುಮಿನಿಯಂ-ಗಾಜಿನ ಈಕ್ವಿಟಬಲ್ ಕಟ್ಟಡ ಕಟ್ಟಿದ್ದವರು, ಇದನ್ನು ಬಲವಾಗಿ ವಿರೋಧಿಸಿದರು, ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಪೆಟ್ಟಿಗೆಗೆ ಹೋಲಿಸಿದರು. ಹಣ ಬಿಗಿ ಇತ್ತು. ತಾರಸಿ ಮೇಲೆ ಗ್ರೇವ್ಸ್ ಬರೆದಿದ್ದ ಪುಟ್ಟಪುಟ್ಟ ಗುಡಿಗಳಂಥ ಮಂಟಪಗಳು ಹೋದವು. ಪಕ್ಕದ ಗೋಡೆಗಳಲ್ಲಿ ತೂಗಬೇಕಿದ್ದ ಹಾರಗಳು ಚಪ್ಪಟೆಯಾದವು.

ನನ್ನ ವಾದ ಇದು: ಆ ಕಟ್ಟಡ ಬೀದಿಗೆ ಮುಖ ಕೊಟ್ಟಿತು, ಒಳಗೆ ಕೂತವರನ್ನು ಮರೆಯಿತು. ಆ ಮರೆವನ್ನು ಗ್ರೇವ್ಸ್ ಕಾಯಿಲೆಯಿಂದ ಗಾಲಿಕುರ್ಚಿ ಹಿಡಿದ ಮೇಲೆ, ಕೊನೆಯ ಹನ್ನೆರಡು ವರ್ಷಗಳಲ್ಲಿ ಸರಿಪಡಿಸಿಕೊಂಡರು. ನೀವೇನಂತೀರಿ?

ಮಳೆಯೂರು (ಹಿಲ್ಸ್‌ಬರೊ, ಆರೆಗಾನ್)

ನಾನು ಹನ್ನೊಂದು ವರ್ಷದಿಂದ ಪೋರ್ಟ್‌ಲ್ಯಾಂಡ್ ಪಕ್ಕದಲ್ಲೇ ಇದ್ದೇನೆ. ರೈಲು ಹತ್ತಿದರೆ ಪೇಟೆ. ಈ ಕಟ್ಟಡದ ಫೋಟೊ ನೋಡಿ ಅಭಿಪ್ರಾಯ ಕಟ್ಟಿಕೊಳ್ಳಬೇಡಿ. ಫೋಟೊದಲ್ಲಿ ಅದು ಆಟಿಕೆ. ಎದುರು ನಿಂತರೆ ಹಾಗಲ್ಲ.

ರಿಪೇರಿಗೆ ಮೊದಲು ಒಮ್ಮೆ ಒಳಗೆ ಹೋಗಿದ್ದೆ. ಮಧ್ಯಾಹ್ನ ಎರಡು ಗಂಟೆ, ಹೊರಗೆ ಒಳ್ಳೆ ಬಿಸಿಲು, ಒಳಗೆ ಲೈಟ್ ಹಾಕಿಕೊಂಡೇ ಕೆಲಸ. ಕಿಟಕಿ ಅಂದರೆ ನಾಲ್ಕು ಅಡಿ ಚೌಕದ ತೂತು, ಅದಕ್ಕೂ ಕಪ್ಪು ಛಾಯೆಯ ಗಾಜು. ಕಿಟಕಿಯಿಂದ ಮೂರನೇ ಮೇಜಿಗೆ ಹಗಲು ಮುಗಿಯುತ್ತಿತ್ತು. ನೀಲಿನಕ್ಷೆಯವರು ಹೇಳಿದ್ದು ನಿಜ.

ಆದರೆ ಪೋರ್ಟ್‌ಲ್ಯಾಂಡಿಯಾ ಬಗ್ಗೆ ಹೇಳದೆ ಹೇಗೆ? ಐದನೇ ಅವೆನ್ಯೂ ಬಾಗಿಲ ಮೇಲೆ ಮಂಡಿಯೂರಿ ಕೂತ ತಾಮ್ರದ ಹೆಂಗಸು. ರೇಮಂಡ್ ಕಾಸ್ಕಿ ಮಾಡಿದ್ದು, 1985. ಕೂತಿರುವಾಗಲೇ ಸುಮಾರು 35 ಅಡಿ. ಬಡಿದು ಮಾಡಿದ ತಾಮ್ರದ ಪ್ರತಿಮೆಗಳಲ್ಲಿ ಅಮೆರಿಕದಲ್ಲಿ ಸ್ವಾತಂತ್ರ್ಯ ದೇವಿಯ ನಂತರ ಇದೇ ದೊಡ್ಡದು. ವಿಲಮೆಟ್ ನದಿಯಲ್ಲಿ ದೋಣಿಯ ಮೇಲೆ ಕೂರಿಸಿ ತಂದರು, ಊರೆಲ್ಲ ದಡಕ್ಕೆ ಬಂದು ನಿಂತಿತ್ತಂತೆ. ಒಂದು ಕೈಯಲ್ಲಿ ತ್ರಿಶೂಲ, ಇನ್ನೊಂದು ಕೈ ಬೀದಿಯ ಕಡೆ ಕೆಳಕ್ಕೆ ಚಾಚಿದೆ. ಆ ಕೈಬೆರಳುಗಳ ಕೆಳಗೆ ನಿಂತು ತಲೆ ಎತ್ತಿ ನೋಡಿ, ನಿಮ್ಮನ್ನು ಎತ್ತಿಕೊಳ್ಳಲು ಬಾಗಿದ ಹಾಗೆ ಕಾಣುತ್ತಾಳೆ. ಬೇಸಿಗೆಯಲ್ಲಿ ಬೀದಿಮರಗಳು ಚಿಗುರಿದರೆ ಅರ್ಧ ಮರೆಯಾಗುತ್ತಾಳೆ, ಎಷ್ಟೋ ಜನ ನೋಡದೆಯೇ ಹೋಗುತ್ತಾರೆ. ನನ್ನ ಮಗಳು ಚಿಕ್ಕವಳಿದ್ದಾಗ ಪೇಟೆಗೆ ಹೋದಾಗಲೆಲ್ಲ ಅಲ್ಲಿ ನಿಲ್ಲಿಸಿ ಕೈ ಮೇಲೆತ್ತುತ್ತಿದ್ದಳು.

ಈಗಿನ ಸ್ಥಿತಿ: 2020ಕ್ಕೆ ರಿಪೇರಿ ಮುಗಿಯಿತು, 19.5 ಕೋಟಿ ಡಾಲರ್. ಹಳೆ ಕಾಂಕ್ರೀಟ್ ಮೈಮೇಲೆ ಪೂರ್ತಿ ಹೊಸ ಅಲ್ಯುಮಿನಿಯಂ ಹೊದಿಕೆ. ಕಿಟಕಿಗಳ ಗಾಜು ತಿಳಿಯಾಯಿತು. ಹಿಂದುಗಡೆ ಪಾರ್ಕ್ ಕಡೆ ಇದ್ದ ವಾಹನದ ಬಾಗಿಲು ಹೋಗಿ ಅಲ್ಲೂ ಬೆಳಕು ಬಂತು. 2011ರಲ್ಲೇ ರಾಷ್ಟ್ರೀಯ ಪಾರಂಪರಿಕ ಪಟ್ಟಿ ಸೇರಿದ್ದ ಕಟ್ಟಡ ಇದು, ಹಾಗಾಗಿ ಹೊದಿಕೆ ಬಗ್ಗೆ ದೊಡ್ಡ ಜಗಳ ಆಯಿತು. ಕೆಡವಿಬಿಡೋಣ ಅನ್ನುವ ಮಾತು ಎದ್ದಿದ್ದಾಗ, 2014ರಲ್ಲಿ ಗ್ರೇವ್ಸ್ ವೀಲ್‌ಚೇರಿನಲ್ಲೇ ಈ ಊರಿಗೆ ಬಂದು ಉಳಿಸಿಕೊಳ್ಳಿ ಅಂತ ವಾದಿಸಿ ಹೋದರು. ಮರುವರ್ಷ ಮಾರ್ಚ್‌ನಲ್ಲಿ ತೀರಿಕೊಂಡರು.

ಗಾರೆಕೈ (ಧಾರವಾಡ)

ನಾ ಆರ್ಕಿಟೆಕ್ಟ್ ಅಲ್ರಿ, ಸೈಟ್ ಇಂಜಿನಿಯರ್. ಹೊದಿಕಿ ಬಗ್ಗೆ ಅಷ್ಟ ಹೇಳ್ತೀನಿ.

ಆ ಊರಾಗ ಚಳಿಗಾಲ ಪೂರಾ ಜಿಟಿಜಿಟಿ ಮಳಿ. ಬಣ್ಣ ಬಳದ ಕಾಂಕ್ರೀಟ್ ಗ್ವಾಡಿ, ನೂರಾರು ಸಣ್ಣ ಕಿಡಕಿ. ಪ್ರತಿ ಕಿಡಕಿ ಸುತ್ತ ನಾಕು ಅಂಚು, ಪ್ರತಿ ಅಂಚಿಗೂ ಸೀಲೆಂಟ್, ಅಂದ್ರ ಸಂದು ಮುಚ್ಚೂ ಅಂಟು. ಸೀಲೆಂಟ್ ಅನ್ನೂದು ಹತ್ತ-ಹದಿನೈದು ವರ್ಷದ ಮಾಲು. ಒಮ್ಮಿ ಸೀಳಿತಂದ್ರ ನೀರು ಒಳಗ, ಎಲ್ಲಿಂದ ಬಂತು ಅಂತ ಹುಡುಕೂದ ಒಂದು ಕೆಲಸ. ನೀರು ಹೊಕ್ಕ ಜಾಗ ಒಂದು, ಸೋರೂ ಜಾಗ ಇನ್ನೊಂದು. ಎಷ್ಟು ಸಲ ತೇಪಿ ಹಚ್ಚಿದ್ರೂ ಮುಗಿಯಂಗಿಲ್ಲ.

ಈಗ ಹಾಕಿದ್ದಕ್ಕ ರೇನ್‌ಸ್ಕ್ರೀನ್ ಅಂತಾರ. ಹೊರಗಿನ ಹಲಗಿಗೂ ಒಳಗಿನ ಗ್ವಾಡಿಗೂ ನಡುವ ಗಾಳಿ ಆಡೂ ಹಂಗ ಸಂದು ಬಿಡ್ತಾರ. ಹಲಗಿ ದಾಟಿ ಬಂದ ನೀರು ಆ ಸಂದಿನ್ಯಾಗ ಕೆಳಗ ಇಳದು ಹೊರಗ ಹೋಗ್ತದ, ಉಳದ ತೇವ ಗಾಳಿಗೆ ಒಣಗ್ತದ. ನೀರನ್ನ ಪೂರಾ ತಡಿಯೂ ಹಟ ಬಿಟ್ಟು, ಬಂದ ನೀರಿಗೆ ದಾರಿ ಮಾಡಿಕೊಡೂದು. ನನ್ನ ಕೇಳಿದ್ರ ಅದ ಶಾಣ್ಯಾತನ. ಕಟ್ಟಡ ಉಳೀಬೇಕಂದ್ರ ಮೊದಲ ಒಣಗಿರಬೇಕ್ರಿ. ಅದನ್ನ ಮಾಡಿದವರಿಗೆ ಪರಂಪರಿ ಕೆಡಿಸಿದ್ರಿ ಅನ್ನೂದು ಸರಿ ಅಲ್ಲ.

ನೀಲಿನಕ್ಷೆ (ಮೈಸೂರು)

ಗಾರೆಕೈ, ನಿಮ್ಮ ಮಾತಿನ ತೂಕ ಒಪ್ಪುತ್ತೇನೆ. ಆದರೂ ನನಗೊಂದು ಸಂಕಟ ಇದೆ. ಹೊದಿಕೆ ಬಂದರೆ ಗೋಡೆ ಹೊರಗೆ ಬರುತ್ತದೆ, ಕಿಟಕಿಯ ಆಳ ಬದಲಾಗುತ್ತದೆ, ಹಲಗೆಗಳ ನಡುವಿನ ಗೆರೆಗಳು ಹೊಸದಾಗಿ ಕಾಣುತ್ತವೆ. ಮೊದಲಿದ್ದದ್ದು ಬಳಿದ ಬಣ್ಣ, ಅದರ ಮೇಲೆ ಕೈಯಾಡಿಸಿದರೆ ಗೋಡೆಯ ತರಿ ಸಿಗುತ್ತಿತ್ತು. ಈಗಿನದು ಕಾರ್ಖಾನೆಯ ನುಣುಪು. ಅದೇ ಬಣ್ಣ, ಅದೇ ಆಕಾರ, ಮೈ ಮಾತ್ರ ಬೇರೆ.

ಇನ್ನೊಂದು ಕಡೆಯಿಂದ ನೋಡಿದರೆ, ಗ್ರೇವ್ಸ್ ಕಂಬ ಎಂದೂ ಕಲ್ಲಿನದಾಗಿರಲಿಲ್ಲ, ಕಂಬದ ಚಿತ್ರವಾಗಿತ್ತು. ಚಿತ್ರವನ್ನು ಬೇರೆ ಹಾಳೆಯ ಮೇಲೆ ಮತ್ತೆ ಬರೆದರೆ ಕೆಡುತ್ತದೆಯೇ? ಇದಕ್ಕೆ ನನ್ನ ಉತ್ತರ ವಾರಕ್ಕೊಮ್ಮೆ ಬದಲಾಗುತ್ತದೆ. ಹಣವಿದ್ದಾಗ ಅವರು ಏನು ಮಾಡುತ್ತಿದ್ದರು ಅಂತ ನೋಡಬೇಕಾದರೆ ಲೂಯಿವಿಲ್ ಊರಿನ ಹ್ಯುಮಾನಾ ಕಟ್ಟಡ ನೋಡಿ, 1985, 26 ಮಹಡಿ. ಅಲ್ಲಿ ಬಣ್ಣ ಬಳಿದಿಲ್ಲ, ಗುಲಾಬಿ ಗ್ರಾನೈಟ್ ಇದೆ. ಬೀದಿಯ ಮಟ್ಟದಲ್ಲಿ ಎತ್ತರದ ಕಂಬಸಾಲಿನೊಳಗೆ ನೀರು ಧುಮುಕುತ್ತದೆ. ಒಹಾಯೊ ನದಿಯ ಕಡೆಗೆ ಮೇಲೊಂದು ದೊಡ್ಡ ಜಗುಲಿ ಚಾಚಿಕೊಂಡಿದೆ. ಕಲ್ಲು ಎಷ್ಟು ಹಳತಾದರೂ ಅದಕ್ಕೆ ಹೊದಿಕೆ ಬೇಕಾಗಲಿಲ್ಲ.

ಪುಸ್ತಕದ ಕಪಾಟು (ಹಾಸನ)

ನಾನು ನಿವೃತ್ತ ಲೈಬ್ರರಿಯನ್. ಮಗನ ಮನೆಗೆ ಕ್ಯಾಲಿಫೋರ್ನಿಯಾಗೆ ಹೋದಾಗ ಸ್ಯಾನ್ ಹ್ವಾನ್ ಕಾಪಿಸ್ಟ್ರಾನೊ ಊರಿನ ಗ್ರಂಥಾಲಯ ನೋಡಿದೆ. ಹೋಗಿದ್ದು 1776ರಲ್ಲಿ ಶುರುವಾದ ಹಳೆಯ ಕ್ರೈಸ್ತ ಮಿಷನ್ ನೋಡಲು, ಗ್ರಂಥಾಲಯ ಅದರ ಹತ್ತಿರವೇ. ಅಲ್ಲಿಂದ ಎದ್ದು ಬರಲು ಮನಸ್ಸಾಗಲಿಲ್ಲ. ಅದು ಗ್ರೇವ್ಸ್ ಕಟ್ಟಿದ್ದು, 1983, ಅಂತ ಗೊತ್ತಾದದ್ದು ಆಮೇಲೆ.

ಹೆಂಚಿನ ಮಾಡು, ದಪ್ಪ ಗೋಡೆ, ನಡುವೆ ಅಂಗಳ, ಅಂಗಳದಲ್ಲಿ ನೀರಿನ ಸದ್ದು. ಸುತ್ತ ಮೊಗಸಾಲೆ. ಬೆಳಕು ಮೇಲಿನ ಸಣ್ಣ ಸಣ್ಣ ಗೋಪುರಗಳಿಂದ ಸೋಸಿ ಬರುತ್ತದೆ, ಪುಟದ ಮೇಲೆ ಬಿಸಿಲು ಕುಕ್ಕುವುದಿಲ್ಲ. ಮಕ್ಕಳ ವಿಭಾಗದಲ್ಲಿ ಮಕ್ಕಳ ಅಳತೆಗೆ ತಕ್ಕ ಮೂಲೆಗಳಿವೆ. ಮೂವತ್ತೆರಡು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು ಹೇಳುತ್ತಿದ್ದೇನೆ: ಓದುವವರು ಎಲ್ಲಿ ಕೂರಲು ಇಷ್ಟಪಡುತ್ತಾರೆ ಅಂತ ಗೊತ್ತಿದ್ದವರ ಕೆಲಸ ಅದು. ಗೋಡೆಗೆ ಬೆನ್ನು ಕೊಟ್ಟು, ಪಕ್ಕದಲ್ಲಿ ಬೆಳಕು ಇಟ್ಟುಕೊಂಡು.

ನೀಲಿನಕ್ಷೆ, ನಿಮ್ಮ ವಾದದಲ್ಲಿ ಒಂದು ತೊಡಕಿದೆ. ಪೋರ್ಟ್‌ಲ್ಯಾಂಡ್ 1982, ಇದು 1983. ಒಳಗೆ ಕೂತವರನ್ನು ಅವರು ಮರೆತಿದ್ದರು ಅನ್ನುವುದಾದರೆ ಈ ಗ್ರಂಥಾಲಯ ಯಾರು ಕಟ್ಟಿದರು?

ನೇರದಾರ (ಬೆಂಗಳೂರು)

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಒಪ್ಪಲಾರೆ. 1980ರ ದಶಕದ ಎರಡನೇ ಅರ್ಧ ನೋಡಿ. ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂ ಆಗ ಇದ್ದದ್ದು ಮಾರ್ಸೆಲ್ ಬ್ರಾಯರ್ 1966ರಲ್ಲಿ ಮುಗಿಸಿದ ಗಂಭೀರ ಕಲ್ಲಿನ ಕಟ್ಟಡದಲ್ಲಿ. ಅದಕ್ಕೆ ಸೇರ್ಪಡೆ ಅಂತ ಗ್ರೇವ್ಸ್ 1985ರಲ್ಲಿ ಕೊಟ್ಟ ನಕ್ಷೆ ಬ್ರಾಯರ್ ಕಟ್ಟಡವನ್ನೇ ತನ್ನ ಒಂದು ತುಂಡು ಮಾಡಿಕೊಂಡಿತು. ಕಲಾವಿದರು, ಆರ್ಕಿಟೆಕ್ಟ್‌ಗಳು ಸಹಿ ಹಾಕಿ ವಿರೋಧಿಸಿದರು. ಎರಡು ಸಲ ತಿದ್ದಿದರೂ ಕಟ್ಟಲಾಗಲಿಲ್ಲ. ಇನ್ನೊಬ್ಬರ ಕೆಲಸದ ಪಕ್ಕದಲ್ಲಿ ಹೇಗೆ ನಿಲ್ಲಬೇಕು ಅನ್ನುವುದು ವಾಸ್ತುಶಿಲ್ಪಿಗೆ ಮೊದಲ ಪಾಠ ಅಂತ ನನ್ನ ನಂಬಿಕೆ, ಆ ಪಾಠದಲ್ಲಿ ಅವರು ಎಡವಿದರು.

ಆಮೇಲೆ ಡಿಸ್ನಿ. ಬರ್ಬ್ಯಾಂಕ್‌ನ ಕಚೇರಿಯಲ್ಲಿ ಸ್ನೋ ವೈಟ್ ಸಿನಿಮಾದ ಕುಳ್ಳರು 19 ಅಡಿ ಎತ್ತರವಾಗಿ ಕಂಬಗಳ ಹಾಗೆ ಮಾಡು ಹೊತ್ತು ನಿಂತಿದ್ದಾರೆ. ಫ್ಲಾರಿಡಾದ ಹೋಟೆಲ್ ಮೇಲೆ 47 ಅಡಿಯ ಹಂಸಗಳು. ಅಲ್ಲಿ ಪಾದ-ನಡು-ತಲೆಯ ಮಾತೆಲ್ಲ ಜಾಹೀರಾತು ಆಗಿಬಿಟ್ಟಿತು. ಈ ಜಾರುವಿಕೆ ಪೋರ್ಟ್‌ಲ್ಯಾಂಡಿನಲ್ಲೇ ಶುರುವಾಗಿತ್ತು ಅನ್ನುತ್ತೇನೆ.

ಮಳೆಯೂರು (ಹಿಲ್ಸ್‌ಬರೊ, ಆರೆಗಾನ್)

ವಿಟ್ನಿ ಬಗ್ಗೆ ನಿಮ್ಮ ಮಾತು ಸರಿ. ಆದರೆ ಡೆನ್ವರ್ ಗ್ರಂಥಾಲಯದಲ್ಲಿ, 1995ರಲ್ಲಿ, ಬರ್ನಮ್ ಹಾಯ್ಟ್ ಅವರ 1956ರ ಕಟ್ಟಡವನ್ನು ಉಳಿಸಿಕೊಂಡು ಅದರ ಸುತ್ತ ಹೊಸದನ್ನು ಸೇರಿಸಿದರಲ್ಲ. ಅಲ್ಲಿ ಹಳೆಯದು ಹಳೆಯದಾಗಿಯೇ ನಿಂತಿದೆ. ಕಲಿತರು ಅಂತಲೇ ನನಗೆ ಅನಿಸುವುದು.

ಚಹಾಸೊಪ್ಪು (ಮಡಿಕೇರಿ)

ಕಟ್ಟಡಗಳ ಬಗ್ಗೆ ನನಗೆ ಗೊತ್ತಿಲ್ಲ, ಗ್ರೇವ್ಸ್ ನಮ್ಮ ಅಡುಗೆಮನೆಯಲ್ಲಿದ್ದಾರೆ. ಅಲೆಸ್ಸಿ ಕಂಪನಿಯ 9093 ಕೆಟಲ್. 1985ರ ವಿನ್ಯಾಸ. ಅಕ್ಕ ಇಟಲಿಯಿಂದ ತಂದುಕೊಟ್ಟು ಹದಿನಾಲ್ಕು ವರ್ಷ ಆಯಿತು, ದಿನಾ ಒಲೆ ಮೇಲಿರುತ್ತದೆ.

ಈಗ ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ತಳ ಅಗಲ, ಮೇಲೆ ಹೋದಂತೆ ಕಿರಿದು, ಹಾಗಾಗಿ ಬೇಗ ಕುದಿಯುತ್ತದೆ. ತಳದ ಅಂಚಿನಲ್ಲಿ ಸುತ್ತಲೂ ಸಣ್ಣ ಗುಬಟುಗಳ ಸಾಲು. ಹಿಡಿ ನೀಲಿ, ದಪ್ಪ, ಒದ್ದೆ ಕೈಯಲ್ಲೂ ಜಾರುವುದಿಲ್ಲ. ಮೂತಿಯ ಮೇಲೆ ಕೆಂಪು ಹಕ್ಕಿ, ನೀರು ಕುದಿದರೆ ಅದು ಕೂಗುತ್ತದೆ. ನೀಲಿ ಅಂದರೆ ತಣ್ಣಗೆ, ಇಲ್ಲಿ ಹಿಡಿ. ಕೆಂಪು ಅಂದರೆ ಬಿಸಿ, ಹುಷಾರು. ನಮ್ಮತ್ತೆಗೆ ಕಣ್ಣು ಮಂಜು. ಅವರಿಗೆ ಯಾರೂ ಹೇಳಿಕೊಡಲಿಲ್ಲ, ಮೊದಲ ದಿನವೇ ಸರಿಯಾದ ಕಡೆ ಕೈ ಹಾಕಿದರು. ಹೇಳದೆಯೇ ಅರ್ಥವಾಗಬೇಕು ಅಂತ ಮೇಲೆ ಬರೆದಿದ್ದೀರಲ್ಲ, ಅದು ಇದೇ ಅಲ್ಲವೇ?

ನೀಲಿನಕ್ಷೆ (ಮೈಸೂರು)

ಚಹಾಸೊಪ್ಪು, ಪುಸ್ತಕದ ಕಪಾಟು, ನೀವಿಬ್ಬರೂ ಸೇರಿ ನನ್ನ ವಾದವನ್ನು ತಿದ್ದಿದಿರಿ. ಕಾಯಿಲೆ ಬಂದ ಮೇಲೆ ಕಣ್ಣು ತೆರೆಯಿತು ಅನ್ನುವ ಹಾಗೆ ಬರೆದಿದ್ದೆ, ಅದು ತಪ್ಪು. ಬೆರಳು ಎಲ್ಲಿ ಹೋಗುತ್ತದೆ, ಬೆನ್ನು ಎಲ್ಲಿ ಒರಗುತ್ತದೆ ಅನ್ನುವ ಗಮನ 1983ರಲ್ಲೂ 1985ರಲ್ಲೂ ಇತ್ತು. ಪೋರ್ಟ್‌ಲ್ಯಾಂಡಿನಲ್ಲಿ ಆ ಗಮನ ಬಾಗಿಲಲ್ಲೇ ನಿಂತುಹೋಯಿತು ಅಂತ ಹೇಳಬೇಕು. ಕೆಟಲ್ ದಾರಿಯಲ್ಲೇ 1999ರಿಂದ ಅಮೆರಿಕದ ಟಾರ್ಗೆಟ್ ಅಂಗಡಿಗಳಿಗೆ ಟೋಸ್ಟರು, ಗಡಿಯಾರ, ಸೌಟು ಮಾಡಿಕೊಟ್ಟರು, ಎರಡು ಸಾವಿರಕ್ಕೂ ಹೆಚ್ಚು ಬಗೆ. ದುಬಾರಿ ವಿನ್ಯಾಸ ಸಾಮಾನ್ಯರ ಮನೆಗೆ ಬಂತು. ಆರ್ಕಿಟೆಕ್ಟ್‌ಗಳಲ್ಲಿ ಕೆಲವರು ಅದನ್ನು ಕೀಳಾಗಿ ನೋಡಿದರು, ನಾನು ಹಾಗೆ ನೋಡಲಾರೆ.

ತುಂಗೆಯ ದಡ (ಶಿವಮೊಗ್ಗ)

ಇಷ್ಟು ದಿನ ಓದಿಕೊಂಡು ಸುಮ್ಮನಿದ್ದೆ. ತಲೆಬರಹದಲ್ಲಿ ಗಾಲಿಕುರ್ಚಿ ಅಂತ ಇದೆ, ಯಾರೂ ಅದರ ಬಗ್ಗೆ ವಿವರವಾಗಿ ಬರೆದಿಲ್ಲ.

ನಮ್ಮಪ್ಪ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಎರಡು ವರ್ಷ. ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಮೊದಲ ಮೂರು ತಿಂಗಳು ಆಸ್ಪತ್ರೆಯಲ್ಲಿ. ಬಚ್ಚಲಿನ ಕನ್ನಡಿ ಅಪ್ಪನ ತಲೆಯ ಮೇಲಿತ್ತು. ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ಅವರಿಗೆ ಕಂಡದ್ದು ಟ್ಯೂಬ್‌ಲೈಟ್ ಮಾತ್ರ. ನಾನು ಎದುರು ಕೂತು ಕೈಗನ್ನಡಿ ಹಿಡಿಯುತ್ತಿದ್ದೆ. ಐವತ್ತು ವರ್ಷ ದಿನಾ ಬೆಳಗ್ಗೆ ತಾವೇ ಕ್ಷೌರ ಮಾಡಿಕೊಂಡವರು. ಒಂದು ದಿನ ಕನ್ನಡಿ ತಳ್ಳಿ, "ಬಿಡು, ಗಡ್ಡ ಬೆಳೀಲಿ" ಅಂದರು. ಅವತ್ತು ನಾನು ಹೊರಗೆ ಬಂದು ಅತ್ತೆ.

ಗ್ರೇವ್ಸ್‌ಗೂ ಹೀಗೆ ಆಗಿತ್ತು ಅಂತ ಎಲ್ಲೋ ಓದಿದ ನೆನಪು. ಗೊತ್ತಿದ್ದವರು ಹೇಳಿ.

ನೀಲಿನಕ್ಷೆ (ಮೈಸೂರು)

ಅಪ್ಪನವರ ವಿಷಯ ಓದಿ ಮನಸ್ಸು ಭಾರವಾಯಿತು. ಹೌದು, ನೀವು ಓದಿದ್ದು ನಿಜ, ಇದೇ ಕನ್ನಡಿ.

2003ರಲ್ಲಿ ಅವರಿಗೆ ಮೊದಲು ಸೈನಸ್ ಸೋಂಕಿನಂತೆ ಕಂಡದ್ದು ಬೆನ್ನುಹುರಿಗೆ ಇಳಿಯಿತು. ಎದೆಯಿಂದ ಕೆಳಗೆ ಸ್ವಾಧೀನ ಹೋಯಿತು. ಆಗ ವಯಸ್ಸು 69ರ ಆಸುಪಾಸು. ತಿಂಗಳುಗಟ್ಟಲೆ ಆಸ್ಪತ್ರೆ, ಪುನಶ್ಚೇತನ ಕೇಂದ್ರ. ಕ್ಷೌರ ಮಾಡಿಕೊಳ್ಳಲು ಹೋದರೆ ಕನ್ನಡಿ ಎತ್ತರದಲ್ಲಿ, ನಲ್ಲಿ ಕೈಗೆ ಎಟುಕದು, ರೇಜರ್ ಪ್ಲಗ್ ಹಾಕುವ ಸಾಕೆಟ್ ಬಗ್ಗಿದರೂ ಸಿಗದಷ್ಟು ಕೆಳಗೆ. ಈ ಕೋಣೆ ಎಷ್ಟು ಕುರೂಪ ಅಂದರೆ ಇಲ್ಲಿ ಸಾಯಲೂ ಮನಸ್ಸಿಲ್ಲ ಅನ್ನುವ ಅರ್ಥದ ಮಾತನ್ನು ಅವರು ಮುಂದೆ ಹಲವು ಕಡೆ ಹೇಳಿದರು.

ಹೊರಗೆ ಬಂದವರೇ ಆ ಕೋಣೆಯ ಸಾಮಾನುಗಳನ್ನೆಲ್ಲ ಒಂದೊಂದಾಗಿ ಕೈಗೆತ್ತಿಕೊಂಡರು. ಆಸ್ಪತ್ರೆ ಸಾಮಾನು ಮಾಡುವ ಸ್ಟ್ರೈಕರ್ ಕಂಪನಿಗೆ ಮಾಡಿದ ಪ್ರೈಮ್ ಟಿಸಿ ಕುರ್ಚಿ ಆಸ್ಪತ್ರೆಯೊಳಗೆ ರೋಗಿಯನ್ನು ಕರೆದೊಯ್ಯುವಂಥದ್ದು. ಅದರ ಹಿಂಬದಿಯ ಹಿಡಿಗಳು ನೆಟ್ಟಗೆ ನಿಂತಿವೆ, ಕುಳ್ಳಗಿರುವ ನರ್ಸ್ ಕೆಳಗೆ ಹಿಡಿಯಬಹುದು, ಎತ್ತರದವರು ಮೇಲೆ. ಬ್ರೇಕ್ ಒಂದೇ ಪೆಡಲ್, ಕಾಲಿನಲ್ಲಿ ಒತ್ತಿದರೆ ಸಾಕು, ಬಗ್ಗಬೇಕಿಲ್ಲ. ಕೈಯಿಡುವ ಪಟ್ಟಿ ಮೇಲೆತ್ತಿದರೆ ರೋಗಿ ಪಕ್ಕದಿಂದ ಇಳಿಯಬಹುದು. ಕೈ ಎಲ್ಲಿ ಹಾಕಬೇಕೋ ಅಲ್ಲೆಲ್ಲ ಬೇರೆ ಬಣ್ಣ. ಚಹಾಸೊಪ್ಪು ಅವರ ಕೆಟಲ್‌ನ ನೀಲಿ ಹಿಡಿ ಇಲ್ಲಿಗೆ ಬಂದು ಕೂತಿದೆ ನೋಡಿ.

2011ರಲ್ಲಿ ವರ್ಜೀನಿಯಾದ ಫೋರ್ಟ್ ಬೆಲ್ವಾರ್ ಸೇನಾ ನೆಲೆಯಲ್ಲಿ ಗಾಯಗೊಂಡ ಸೈನಿಕರಿಗೆ ಎರಡು ಮಾದರಿ ಮನೆ ಕಟ್ಟಿಕೊಟ್ಟರು. ಅಗಲ ನಡೆದಾರಿ, ಏರಿಳಿಸಬಹುದಾದ ಸಿಂಕು, ಕೂತರೂ ಹೊರಗೆ ಕಾಣುವ ಕಿಟಕಿ. ಹೊರಗಿನಿಂದ ಬೇರೆ ಮನೆಗಳಂತೆಯೇ ಕಾಣುತ್ತವೆ, ಆಸ್ಪತ್ರೆಯ ವಾಸನೆ ಇಲ್ಲ. 2013ರಲ್ಲಿ ಅಧ್ಯಕ್ಷ ಒಬಾಮಾ ಗ್ರೇವ್ಸ್ ಅವರನ್ನು ಅಮೆರಿಕದ ಆ್ಯಕ್ಸೆಸ್ ಬೋರ್ಡಿಗೆ ನೇಮಿಸಿದರು. ಕೈಗೆ ಎಟುಕುವ, ಗಾಲಿಕುರ್ಚಿ ಹೋಗುವ ಅಳತೆಗಳನ್ನು ಬರೆಯುವ ಮಂಡಳಿ ಅದು.

ಚಿತ್ರ ಬರೆಯುವ ಕೈ ಉಳಿದಿತ್ತು, ಕೊನೆಯವರೆಗೂ ಬರೆದರು. ಪ್ರಿನ್ಸ್‌ಟನ್‌ನಲ್ಲಿ ಅವರ ಮನೆ, ಇಟಲಿಯ ಕಲ್ಲುಕುಟಿಗರು 1926ರಲ್ಲಿ ಕಟ್ಟಿದ್ದ ಹಳೆ ಗೋದಾಮು. ಅದನ್ನು ವರ್ಷಗಟ್ಟಲೆ ತಿದ್ದಿ ಮನೆ ಮಾಡಿಕೊಂಡಿದ್ದರು. ಕಾಯಿಲೆಯ ಮೇಲೆ ಅಲ್ಲಿಗೊಂದು ಲಿಫ್ಟ್ ಬಂತು. ಅವರು ಹೋದ ಮೇಲೆ ಆ ಮನೆ ಕೀನ್ ವಿಶ್ವವಿದ್ಯಾಲಯಕ್ಕೆ 20 ಡಾಲರಿಗೆ ಸೇರಿತು.

ನೇರದಾರ (ಬೆಂಗಳೂರು)

ಹಂಸಗಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಆ ಕುರ್ಚಿಯ ಬಗ್ಗೆ ನನಗೆ ಗೊತ್ತಿರಲಿಲ್ಲ. ತಿಳಿಸಿದ್ದಕ್ಕೆ ಋಣಿ.

ತುಂಗೆಯ ದಡ (ಶಿವಮೊಗ್ಗ)

ನೀಲಿನಕ್ಷೆ ಮೇಡಂ, ಅಪ್ಪನಿಗೆ ಓದಿ ಹೇಳಿದೆ. "ಅವನಿಗೂ ಕನ್ನಡಿ ಸಿಗಲಿಲ್ವಾ" ಅಂತ ಎರಡು ಸಲ ಕೇಳಿದರು. ಮುಂದಿನ ತಿಂಗಳು ಮನೆಯ ಬಚ್ಚಲು ಸರಿಮಾಡಿಸಬೇಕು ಅಂತಿದ್ದೇವೆ. ಅಳತೆ ಏನಾದರೂ ಹೇಳುತ್ತೀರಾ? ಇಲ್ಲಿ ಮೇಸ್ತ್ರಿ ಕೇಳಿದರೆ "ಎಲ್ಲರ ಮನೇಲಿ ಹೆಂಗಿದೆಯೋ ಹಂಗೇ" ಅನ್ನುತ್ತಾರೆ.

ಗಾರೆಕೈ (ಧಾರವಾಡ)

ತಂಗಿ, ಬರಕೋರಿ. ಕನ್ನಡಿ ಕೆಳಗಿನ ಅಂಚು ನೆಲದಿಂದ 40 ಇಂಚಿಗಿಂತ ಮ್ಯಾಲ ಹೋಗಬಾರದು, ಮನ್ಯಾಗ ಇನ್ನೂ ಕೆಳಗ ಇಟ್ರ ಚಲೋ. ಬೇಸಿನ್ ಮೇಲಂಚು 34 ಇಂಚಿನ ಒಳಗ. ಬೇಸಿನ್ ಕೆಳಗ ಕಪಾಟು ಬ್ಯಾಡ, ಮೊಣಕಾಲು ಹೋಗಾಕ 27 ಇಂಚು ಖಾಲಿ ಬಿಡ್ರಿ. ಬಿಸಿನೀರ ಪೈಪಿಗೆ ಹೊದಿಕಿ ಹಾಕಸ್ರಿ, ಕಾಲಿಗೆ ಸ್ಪರ್ಶ ಇಲ್ಲದವರಿಗೆ ಸುಟ್ಟದ್ದು ಗೊತ್ತಾಗಂಗಿಲ್ಲ. ನಲ್ಲಿ ತಿರುವೂದು ಬ್ಯಾಡ, ಉದ್ದ ಹಿಡಿ ಇರೂದು ತರ್ರಿ. ಬಾಗಿಲು ತೆರದಾಗ 32 ಇಂಚು ಪೂರಾ ಸಿಗಬೇಕು. ಹೊಸ್ತಿಲ ತಗಸ್ರಿ. ಒಳಗ ಕುರ್ಚಿ ತಿರುಗಾಕ ಐದಡಿ ಜಾಗ. ಹೊರಗ ಇಳಿಜಾರು ಮಾಡೂದಿದ್ರ ಒಂದಡಿ ಎತ್ತರಕ್ಕ ಹನ್ನೆರಡಡಿ ಉದ್ದ, ಅದಕ್ಕಿಂತ ಕಡಿಮಿ ಮಾಡಾಕ ಮೇಸ್ತ್ರಿಗೆ ಬಿಡಬ್ಯಾಡ್ರಿ.

ಎಲ್ಲಾಕ್ಕಿಂತ ಮೊದಲ ಅಪ್ಪಾರನ್ನ ಅವರ ಕುರ್ಚಿ ಮ್ಯಾಲ ಕುಂದ್ರಿಸಿ, ಕೈ ಚಾಚಾಕ ಹೇಳಿ, ಬೆರಳು ಮುಟ್ಟಿದಲ್ಲಿ ಗ್ವಾಡಿಗೆ ಪೆನ್ಸಿಲ್ ಗೆರಿ ಎಳೀರಿ. ಕಣ್ಣಿನ ಮಟ್ಟಕ್ಕೂ ಒಂದು ಗೆರಿ. ಫೋಟೊ ತಗದು ಇಲ್ಲಿ ಹಾಕ್ರಿ, ನಕ್ಷೆ ನಾ ತಗೀತೀನಿ.

ತುಂಗೆಯ ದಡ (ಶಿವಮೊಗ್ಗ)

ಈಗಷ್ಟೇ ಎಳೆದೆವು. ಕಣ್ಣಿನ ಗೆರೆ 45 ಇಂಚಿಗೆ ಬಂತು. ಪೆನ್ಸಿಲ್ ಅಪ್ಪನೇ ಹಿಡಿದಿದ್ದರು. ನಾಳೆ ಬೆಳಕಿನಲ್ಲಿ ಫೋಟೊ ತೆಗೆದು ಹಾಕುತ್ತೇನೆ.